ಕಕ್ಕಬ್ಬೆಯಲ್ಲಿ ಎರಡು ಕಿಲೋಮೀಟರ್, ಮೂರು ಗಂಟೆ

ಮಾರ್ಚ್‌ನಲ್ಲಿ ಕೊಡಗಿಗೆ ಹೊರಟಾಗ "ಎಲ್ಲ ಒಣಗಿರುತ್ತೆ, ಮಳೆಗಾಲದಲ್ಲಿ ಹೋಗಿ" ಅಂದವರೇ ಜಾಸ್ತಿ. ಜಲಪಾತಕ್ಕಾದರೆ ಆ ಮಾತು ಸರಿ. ಹೂವು, ಹುಳ ನೋಡಬೇಕಾದರೆ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ಹೋಗಿ. ಕಾಫಿ ಹೂ ಮೂರ್ನಾಲ್ಕು ದಿನಕ್ಕೇ ಬಾಡುತ್ತದೆ. ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವ ತೋಟಗಳೂ ಇವೆ. ಹಾಗಾಗಿ ಕ್ಯಾಲೆಂಡರ್ ನೋಡಿ ರೂಮ್ ಬುಕ್ ಮಾಡಬೇಡಿ, ಹೋಂಸ್ಟೇಯವರಿಗೆ ಫೋನ್ ಮಾಡಿ "ಹೂ ಬಿಟ್ಟಿದೆಯಾ" ಅಂತ ಕೇಳಿ.

ಮಡಿಕೇರಿಯಿಂದ ನಾಪೋಕ್ಲು ದಾಟಿ ಕಕ್ಕಬ್ಬೆ. ಅಲ್ಲೇ ಕೈಕಂಬದಲ್ಲಿ ಇಳಿದು ನಾಲ್ಕುನಾಡು ಅರಮನೆಯ ಏರುದಾರಿ ಹಿಡಿದೆವು. 1748 ಮೀಟರಿನ ತಡಿಯಂಡಮೋಳ್ ಹತ್ತುವವರು ಈ ದಾರಿಯನ್ನು ಜೀಪಿನಲ್ಲಿ ದಾಟಿಬಿಡುತ್ತಾರೆ. ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಬಂದ್ ಮಾಡುವುದೂ ಉಂಟು. ನಮಗೆ ಬೆಟ್ಟ ಬೇಕಿರಲಿಲ್ಲ. ಎರಡು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು.

ಮೊದಲು ಬಂದದ್ದು ವಾಸನೆ, ಮಲ್ಲಿಗೆಯ ಥರದ್ದು. ಆಮೇಲೆ ಗುಂಯ್ ಸದ್ದು. ಬೇಲಿ ಪಕ್ಕದ ರೊಬಸ್ಟಾ ಕಾಫಿ ರೆಂಬೆಯ ಗಂಟುಗಂಟಿಗೂ ಬಿಳಿ ಹೂ, ಅದರ ಮೇಲೆ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು), ಹೆಜ್ಜೇನು. ರೊಬಸ್ಟಾ ಕಾಯಿ ಕಚ್ಚಬೇಕಾದರೆ ಬೇರೆ ಗಿಡದ ಪರಾಗವೇ ಬೇಕು, ಹಾಗಾಗಿ ತೋಟದವರಿಗೂ ಜೇನು ಬೇಕು. ಕಕ್ಕಬ್ಬೆ ಮೊದಲಿಂದಲೂ ಜೇನಿಗೆ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳ ಸಾಯಿಸುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಖಾಲಿಯಾಗಿದ್ದವು. ಆ ಕಥೆ ಗೊತ್ತಿದ್ದರೆ ಈ ಗುಂಯ್ ಸದ್ದಿಗೆ ಸುಮ್ನೆ ಹತ್ತು ನಿಮಿಷ ನಿಂತುಬಿಡುತ್ತೀರಿ. ಸೆಂಟು ಮಾತ್ರ ಹಾಕಿಕೊಂಡು ಹೋಗಬೇಡಿ. ತೋಟದೊಳಗೆ ಕಾಲಿಡುವ ಮುಂಚೆ ಕೇಳಿ.

ಮುಂದೆ ಕೆಂಪಗೆ ಹಾಲುವಾಣ, ಪೊದೆಯಲ್ಲಿ ಕೇಪಳ. ಮರದ ಮೇಲಿನ ಸೀತಾಳೆ (ಆರ್ಕಿಡ್ ಹೂ) ಇನ್ನೂ ಬಿಟ್ಟಿರಲಿಲ್ಲ, ಅದು ಬೇಕಾದರೆ ಮೇ ಹೊತ್ತಿಗೆ ಬನ್ನಿ. ತೊರೆಯ ಒದ್ದೆ ಮರಳಲ್ಲಿ ಚಿಟ್ಟೆಗಳು ಸಾಲಾಗಿ ಕೂತು ಉಪ್ಪು ಹೀರುತ್ತಿದ್ದವು. ಇವು ಹೆಚ್ಚಾಗಿ ಗಂಡು ಚಿಟ್ಟೆಗಳು. ಕರ್ನಾಟಕದ ರಾಜ್ಯ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಮರದ ತುದಿಯಲ್ಲಿ ಎರಡು ಸೆಕೆಂಡು ಕಂಡು ಮಾಯ. ಕ್ಯಾಮೆರಾ ತೆಗೆಯುವಷ್ಟೂ ಸಮಯ ಸಿಗಲಿಲ್ಲ.

ಆ ಬೇಜಾರಲ್ಲಿ ಬ್ಯಾಗನ್ನು ಒಂದು ರೆಂಬೆಗೆ ನೇತುಹಾಕಿದೆ. ಅದು ಚಗಳಿ ಇರುವೆಯ ಮನೆ! ಕತ್ತು, ಕಿವಿ ಎಲ್ಲ ಉರಿ. ಉರಿ ಇಳಿದ ಮೇಲೆ ನೋಡಿದರೆ, ಒಂದು ಸಾಲು ಇರುವೆ ಎರಡು ಎಲೆಯ ಅಂಚನ್ನು ಎಳೆದು ಹಿಡಿದಿದೆ, ಇನ್ನೊಂದು ತನ್ನ ಮರಿಹುಳವನ್ನೇ ಬಾಯಲ್ಲಿ ಕಚ್ಚಿಕೊಂಡು, ಅದು ಬಿಡುವ ರೇಷ್ಮೆ ಎಳೆಯಿಂದ ಹೊಲಿಗೆ ಹಾಕುತ್ತಿದೆ. ನೋಡೋಕೆ ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು.

ಬೆಳಗ್ಗೆ ಎಂಟರ ನಂತರ ಹೊರಡಿ. ತೀರಾ ಮುಂಜಾನೆ, ಸಂಜೆ ಆನೆ ಓಡಾಟ ಇರುತ್ತೆ, ಊರವರನ್ನು ವಿಚಾರಿಸದೆ ಒಳದಾರಿ ಹಿಡಿಯಬೇಡಿ. ಜಿಗಣೆ ಕಾಟ ಈ ಕಾಲದಲ್ಲಿ ಕಡಿಮೆ, ಉಣ್ಣಿ ಜಾಸ್ತಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ರೂಮಿಗೆ ಬಂದ ಕೂಡಲೇ ಮೈ ನೋಡಿಕೊಳ್ಳಿ. ನಾನು ನೋಡಿಕೊಂಡಿದ್ದು ಬೆಂಗಳೂರಿಗೆ ಬಂದ ಮೇಲೆ. ಮೊಣಕಾಲ ಹಿಂದೆ, ಎಳ್ಳಿನಷ್ಟು ಗಾತ್ರದ್ದು, ಒಂದಲ್ಲ, ಮೂರು.