ಹಂಪ್ಟಾದ ಮಳೆಯಲ್ಲಿ ಒಂದು ಸ್ಲೀಪಿಂಗ್ ಬ್ಯಾಗು

ಜುಲೈ ಕೊನೆಯಲ್ಲಿ ಹಿಮಾಚಲದ ಹಂಪ್ಟಾ ಪಾಸ್ ಚಾರಣಕ್ಕೆ ಹೊರಟರೆ ಮಳೆ ಸಿಕ್ಕೇ ಸಿಗುತ್ತದೆ ಅಂತ ತಿಳಿದೇ ಹೋಗಬೇಕು. ಮನಾಲಿ ಇರುವ ಕುಲು ಕಣಿವೆಗೆ ಮುಂಗಾರು ಚೆನ್ನಾಗಿಯೇ ಸುರಿಯುತ್ತದೆ. ಪಾಸ್, ಅಂದರೆ ಬೆಟ್ಟಸಾಲು ದಾಟುವ ಜಾಗ, ಇರುವುದು ಸುಮಾರು 4,270 ಮೀಟರ್ ಎತ್ತರದಲ್ಲಿ. ಅದನ್ನು ದಾಟಿ ಲಾಹೌಲ್ ಕಡೆ ಇಳಿದರೆ ಮಳೆ ತೀರಾ ಕಡಿಮೆ. ಅಲ್ಲಿ ಇರುವುದು ಬೋಳು ಗುಡ್ಡ, ಕಲ್ಲು, ಗಾಳಿ, ಬಿಸಿಲು. ಮೊದಲ ರಾತ್ರಿಗಳು ಒದ್ದೆ, ಆಮೇಲೆ ಒಣ ಅಂತ ಲೆಕ್ಕ ಹಾಕಿಯೇ ನಾನು ಸಾಮಾನು ಕಟ್ಟಿದೆ.

ಜೊತೆಗೆ ಅಕ್ಕನ ಮಗ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ, ಅವನಿಗೆ ಇದು ಮೊದಲ ಹಿಮಾಲಯ. ಇಬ್ಬರ ಹತ್ತಿರವೂ ಡೌನ್ ಸ್ಲೀಪಿಂಗ್ ಬ್ಯಾಗ್ ಇತ್ತು. ಟೆಂಟು, ಅಡುಗೆ ಸಾಮಾನು ಹೇಸರಗತ್ತೆಗಳ ಮೇಲೆ ಹೋಗುತ್ತಿದ್ದವು. ಸ್ಲೀಪಿಂಗ್ ಬ್ಯಾಗ್ ಮಾತ್ರ ನಮ್ಮ ಬೆನ್ನ ಮೇಲೆಯೇ ಇರಲಿ ಅಂತ ನಾನು ಹಟ ಹಿಡಿದಿದ್ದೆ.

ಡೌನ್ ಅಂದರೆ ಬಾತುಕೋಳಿಯ ಎದೆಯ ಹತ್ತಿರ, ಮೇಲಿನ ಗರಿಗಳ ಅಡಿಯಲ್ಲಿರುವ ಮೆತ್ತನೆ ತುಪ್ಪುಳ. ಅದಕ್ಕೆ ಗರಿಗಿರುವಂಥ ಗಟ್ಟಿ ಕಡ್ಡಿ ಇರುವುದಿಲ್ಲ. ನಡುವಿನಿಂದ ಎಲ್ಲಾ ಕಡೆಗೂ ಎಳೆ ಹರಡಿಕೊಂಡಿರುತ್ತದೆ. ಆ ಎಳೆಗಳ ಮಧ್ಯೆ ನಿಂತ ಗಾಳಿಯೇ ನಮ್ಮ ಮೈಯ ಬಿಸಿಯನ್ನು ಹಿಡಿದಿಡುವುದು. ಒಂದು ಕಿಲೋ ಆಸುಪಾಸಿನ ಚೀಲದಲ್ಲಿ ಸೊನ್ನೆ ಡಿಗ್ರಿಯಲ್ಲೂ ನಿದ್ದೆ ಮಾಡಬಹುದು ಅಂದರೆ ಅದು ಈ ಗಾಳಿಯ ಕೆಲಸ. ನೀರು ತಾಗಿತೋ, ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆ ಕಟ್ಟುತ್ತವೆ, ಗಾಳಿಗೆ ಜಾಗ ಹೋಗುತ್ತದೆ. ಸಿಂಥೆಟಿಕ್ ಎಳೆ ತುಂಬಿದ ಚೀಲ ಒದ್ದೆಯಾದರೂ ಸ್ವಲ್ಪವಾದರೂ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ. ಡೌನ್ ಎರಡೂ ಮಾಡುವುದಿಲ್ಲ.

ಮನಾಲಿಯ ಕೋಣೆಯಲ್ಲಿ ರಾತ್ರಿ ಪ್ಯಾಕ್ ಮಾಡುವಾಗ ಹುಡುಗ ಕೇಳಿದ: "ಚಿಕ್ಕಮ್ಮ, ರೇನ್ ಕವರ್ ಇದೆಯಲ್ಲ, ಮತ್ತೆ ಇಷ್ಟೆಲ್ಲ ಯಾಕೆ?"

"ರೇನ್ ಕವರ್ ಹಾಕಿದ ಮೇಲೂ ಬೆನ್ನಿನ ಕಡೆ ತೆರೆದೇ ಇರುತ್ತೆ ನೋಡು" ಅಂತ ತೋರಿಸಿದೆ. ಕುತ್ತಿಗೆಯಿಂದ ಇಳಿಯುವ ನೀರು ಬೆನ್ನಿಗೂ ರಕ್‌ಸ್ಯಾಕಿಗೂ ನಡುವೆ ಹರಿದು, ಕವರಿನ ಒಳಗೆ ತಳದಲ್ಲಿ ನಿಲ್ಲುತ್ತದೆ. ಎಲ್ಲರೂ ಸ್ಲೀಪಿಂಗ್ ಬ್ಯಾಗ್ ಇಡುವುದೂ ಅದೇ ತಳದಲ್ಲಿ. ಜೋರು ಗಾಳಿಗೆ ಕವರ್ ಹಾರಿ ಹೋಗುವುದೂ ಉಂಟು.

ಅದಕ್ಕೇ ನಾನು ಒಳಗಿನಿಂದ ಕಾಯುತ್ತೇನೆ. ಮೊದಲು ಸ್ಲೀಪಿಂಗ್ ಬ್ಯಾಗನ್ನು ಕಾಲಿನ ಕಡೆಯಿಂದ ಹಿಡಿಹಿಡಿಯಾಗಿ ಡ್ರೈ ಬ್ಯಾಗಿಗೆ, ಅಂದರೆ ನೀರು ಹೋಗದ ಚೀಲಕ್ಕೆ, ತುರುಕುತ್ತೇನೆ. ಮಡಿಸುವುದಿಲ್ಲ, ಸುತ್ತುವುದಿಲ್ಲ. ದಿನಾ ಒಂದೇ ಮಡಿಕೆ ಬಿದ್ದರೆ ಅಲ್ಲಿ ತುಪ್ಪುಳ ಸೊರಗುತ್ತದೆ. ಆಮೇಲೆ ಗಾಳಿ ಹೊರಗೆ ಒತ್ತಿ, ಬಾಯನ್ನು ಕಡಿಮೆ ಅಂದರೂ ಮೂರು ಸುತ್ತು ಸುತ್ತಿ ಬಕಲ್ ಹಾಕುತ್ತೇನೆ. ರಾತ್ರಿ ಹಾಕಿಕೊಳ್ಳುವ ಒಣ ಬಟ್ಟೆ, ಉಣ್ಣೆ ಸಾಕ್ಸ್ ಕೂಡ ಅದರೊಳಗೇ. ರಕ್‌ಸ್ಯಾಕಿನ ಒಳಗೆ ಪೂರ್ತಿ ಎತ್ತರಕ್ಕೆ ಬರುವ ದಪ್ಪ ಪ್ಲಾಸ್ಟಿಕ್ ಚೀಲ ಇನ್ನೊಂದು. ಎಲ್ಲವನ್ನೂ ಅದರಲ್ಲಿ ತುಂಬಿ ಬಾಯನ್ನು ತಿರುಚಿ ಒಳಗೆ ಸಿಕ್ಕಿಸುವುದು. ಕಂಪ್ರೆಷನ್ ಸ್ಯಾಕಿನ ಪಟ್ಟಿ ಎಳೆದು ಕಲ್ಲಿನಷ್ಟು ಗಟ್ಟಿ ಉಂಡೆ ಮಾಡುವವರನ್ನು ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ. ತುಪ್ಪುಳಕ್ಕೂ ಒಳ್ಳೆಯದಲ್ಲ, ಜಾಗವೂ ಉಳಿಯುವುದಿಲ್ಲ, ಯಾಕೆಂದರೆ ಉಂಡೆಯ ಸುತ್ತ ಮೂಲೆಗಳೆಲ್ಲ ಖಾಲಿ ಬೀಳುತ್ತವೆ. ಸ್ವಲ್ಪ ಸಡಿಲವಾಗಿದ್ದರೆ ತಾನೇ ಮೂಲೆ ತುಂಬಿಕೊಳ್ಳುತ್ತದೆ.

ನಡಿಗೆ ಶುರುವಾಗುವ ಜೋಬ್ರಾದಿಂದ ಮೊದಲ ಬಿಡಾರ ಚಿಕಾದವರೆಗೆ ಮಳೆ ನಿಲ್ಲಲಿಲ್ಲ. ಭೂರ್ಜ, ಮೇಪಲ್ ಮರಗಳ ಕೆಳಗೆ ಚೆಂದದ ದಾರಿ. ನಾನು ತೀರ್ಥಹಳ್ಳಿ ಕಡೆಯವಳು, ಮಳೆಯಲ್ಲಿ ನಡೆಯುವುದು ನನಗೆ ಖುಷಿಯೇ. ಒದ್ದೆ ಸಾಮಾನಿನೆಲ್ಲದರ ಜೊತೆ ಟೆಂಟಿನೊಳಗೆ ಹೊಕ್ಕಮೇಲೆ ನಿಜವಾದ ಕೆಲಸ ಶುರುವಾಗುತ್ತದೆ.

ತುಂಬಾ ಜನ ಮರೆಯುವುದು ಇದನ್ನು. ಚೀಲ ಒದ್ದೆಯಾಗಲು ಮಳೆಯೇ ಬೇಕಾಗಿಲ್ಲ. ಒಂದು ರಾತ್ರಿಯಲ್ಲಿ ಒಬ್ಬರ ಉಸಿರು ಮತ್ತು ಚರ್ಮದಿಂದ ಹತ್ತಿರ ಹತ್ತಿರ ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಇಬ್ಬರಿದ್ದರೆ ಅದರ ಎರಡರಷ್ಟು. ಟೆಂಟಿನ ಬಾಯಿ ಬಿಗಿಯಾಗಿ ಮುಚ್ಚಿದರೆ ಆ ಆವಿ ತಣ್ಣಗಿರುವ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಒಂದಷ್ಟು ಚೀಲದ ಒಳಗೇ ಕೂರುತ್ತದೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ದಿನ ಕಳೆದ ಹಾಗೆ ಚೀಲ ತೆಳ್ಳಗಾಗುತ್ತಾ ಬರುತ್ತದೆ, ಚಳಿ ಜಾಸ್ತಿಯಾಯಿತು ಅಂತ ನಾವು ಅಂದುಕೊಳ್ಳುತ್ತೇವೆ.

ಹಾಗಾಗಿ ಆ ರಾತ್ರಿ ಮಳೆ ಹೊಡೆಯುತ್ತಿದ್ದರೂ ಟೆಂಟಿನ ಜಿಪ್ಪನ್ನು ಮೇಲ್ಗಡೆ ಒಂದು ಗೇಣು ತೆರೆದಿಟ್ಟೆ. ಒದ್ದೆ ಪಾಂಚೋ, ಶೂ ಎಲ್ಲ ಹೊರಗಿನ ಚಾವಣಿಯಡಿಗೆ ಹೋದವು. ಹುಡುಗ ಒದ್ದೆ ಸಾಕ್ಸನ್ನು ಮೈಬಿಸಿಗೆ ಒಣಗಲಿ ಅಂತ ಚೀಲದೊಳಗೆ ಹಾಕಿಕೊಳ್ಳಲು ಹೊರಟಿದ್ದ. "ಬೇಡ ಕಣೋ, ಸಾಕ್ಸಿನ ನೀರು ತುಪ್ಪುಳಕ್ಕೇ ಹೋಗೋದು" ಅಂತ ತಡೆದೆ. ಮುಖವನ್ನು ಚೀಲದೊಳಗೆ ಹುದುಗಿಸಿ ಉಸಿರಾಡಬೇಡ ಅಂತಲೂ ಹೇಳಿದೆ. ಮೂಗು ಬಾಯಿ ಹೊರಗಿರಬೇಕು, ಚಳಿಯಾದರೆ ಟೋಪಿ ಇದೆ. ಕಾಲಿನ ತುದಿ ಟೆಂಟಿನ ಗೋಡೆಗೆ ತಾಗುತ್ತಿತ್ತು. ಅಲ್ಲಿಗೆ ನನ್ನ ರೇನ್ ಜಾಕೆಟ್ಟನ್ನು ಒರೆಸಿ ಹೊದಿಸಿದೆವು.

ಬೆಳಿಗ್ಗೆ ಎದ್ದ ಕೂಡಲೇ, ಟೀ ಕುಡಿಯುವ ಮೊದಲೇ, ಚೀಲವನ್ನು ಒತ್ತಿ ಒಳಗಿನ ಬೆಚ್ಚನೆ ಗಾಳಿಯನ್ನು ಹೊರಗೆ ಹಾಕುವುದು ನನ್ನ ರೂಢಿ. ಆವಿಯೂ ಅದರ ಜೊತೆಗೇ ಹೋಗುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಟೆಂಟಿನೊಳಗೇ ಪ್ಯಾಕ್ ಮಾಡಿ, ಆಮೇಲೆ ಹೊರಗೆ ಕಾಲಿಡುವುದು.

ಎರಡನೇ ದಿನ ಜ್ವಾರಾದಲ್ಲಿ ಹೊಳೆ ದಾಟಬೇಕು. ಹಿಮ ಕರಗಿದ ನೀರು, ಕೈ ಕೈ ಹಿಡಿದು ಸಾಲಾಗಿ ದಾಟಿದೆವು. ಸೊಂಟದ ಬೆಲ್ಟ್ ಬಿಚ್ಚಿಕೊಳ್ಳಿ ಅಂತ ಗೈಡ್ ಎಲ್ಲರಿಗೂ ಹೇಳಿದರು. ಬಿದ್ದರೆ ರಕ್‌ಸ್ಯಾಕನ್ನು ಕಳಚಿ ಬಿಡಬೇಕಲ್ಲ. ಇಂಥ ಕಡೆ ರೇನ್ ಕವರಿನಿಂದ ಏನೂ ಉಪಯೋಗವಿಲ್ಲ. ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ಭದ್ರವಾಗಿದ್ದರೆ ರಕ್‌ಸ್ಯಾಕ್ ತೇಲುತ್ತದೆ, ಹಾಸಿಗೆಯೂ ಉಳಿಯುತ್ತದೆ.

ನಮ್ಮ ಗುಂಪಿನಲ್ಲಿ ಪುಣೆಯ ಒಬ್ಬ ಹುಡುಗ ಇದ್ದ. ಅವನ ಡೌನ್ ಚೀಲ ರಕ್‌ಸ್ಯಾಕಿನ ಹೊರಗೆ, ಕೆಳಗಿನ ಪಟ್ಟಿಗೆ ಕಟ್ಟಿದ್ದು. ಆ ದಿನದ ಬಿಡಾರ ಬಾಲು ಕಾ ಘೇರಾ ತಲುಪಿ ಬಿಚ್ಚಿದಾಗ ಅರ್ಧ ಭಾಗ ನೆನೆದಿತ್ತು. ಬೆಳಕಿಗೆ ಹಿಡಿದರೆ ತುಪ್ಪುಳ ತುಂಬಿ ಹೊಲಿದ ಒಂದೊಂದು ಖಾನೆಯ ಮೂಲೆಯಲ್ಲೂ ಕಪ್ಪು ಮುದ್ದೆ, ಉಳಿದದ್ದು ಬರೀ ಬಟ್ಟೆ. ಅವನು ಬಟ್ಟೆ ಹಿಂಡುವ ಹಾಗೆ ತಿರುಚಲು ಹೊರಟ. ಗೈಡ್ ತಡೆದು, ಸುತ್ತಿಟ್ಟು ಮೆಲ್ಲಗೆ ಒತ್ತಿ ನೀರು ತೆಗೆಸಿದರು. ಒದ್ದೆ ತುಪ್ಪುಳ ಭಾರ, ತಿರುಚಿದರೆ ಒಳಗಿನ ಖಾನೆಗಳ ಹೊಲಿಗೆ ಹರಿಯುತ್ತದೆ. ಸ್ಟೋವಿನ ಹತ್ತಿರ ಒಣಗಿಸಲೂ ಅವರು ಬಿಡಲಿಲ್ಲ, ಆ ತೆಳು ನೈಲಾನ್ ಬೆಂಕಿಯ ಕಾವಿಗೆ ಕರಗಿಬಿಡುತ್ತದೆ. ಅಡುಗೆಯವರು ತಮ್ಮ ದಪ್ಪ ಕಂಬಳಿ ಕೊಟ್ಟರು. ಆ ಎತ್ತರದಲ್ಲಿ ತಮ್ಮ ಹೊದಿಕೆಯನ್ನೇ ಬಿಟ್ಟುಕೊಟ್ಟದ್ದು ನನ್ನ ಮನಸ್ಸಿಗೆ ತುಂಬಾ ತಾಗಿತು.

ಮರುದಿನ ಪಾಸ್ ದಾಟಿದೆವು. ಮೇಲೆ ಮೋಡ, ಏನೂ ಕಾಣಲಿಲ್ಲ. ಇಳಿಜಾರು ಕಡಿದು, ಮಂಡಿ ನೋವು. ಆದರೆ ಆಚೆ ಬದಿಯ ಬಿಡಾರ ಶಿಯಾಗೋರು ಹತ್ತಿರವಾದಂತೆ ಮೋಡ ಹಿಂದೆ ಉಳಿಯಿತು, ಬಿಸಿಲು ಬಂತು. ನಾನು ಶೂ ಕೂಡ ಬಿಚ್ಚಲಿಲ್ಲ, ಮೊದಲು ಚೀಲ ಹೊರಗೆ ತೆಗೆದೆ. ಒಳಮೈ ಹೊರಗೆ ಮಾಡಿ, ಬಂಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದೆ. ಕಪ್ಪು ಒಳಬಟ್ಟೆ ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಗಾಳಿ ಒಣ, ಅರ್ಧ ಗಂಟೆಯಲ್ಲೇ ಚೀಲ ಉಬ್ಬಿ ನಿಂತಿತು. ಪುಣೆಯ ಹುಡುಗನ ಚೀಲಕ್ಕೆ ಅಷ್ಟು ಸಾಲಲಿಲ್ಲ. ನಾವು ಕೂತು ಮುದ್ದೆಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸಿದೆವು, ಆಗಾಗ ಕೊಡವಿ ತಿರುಗಿಸಿ ಹಾಕಿದೆವು. ಬಿಸಿಲು ಗುಡ್ಡದ ಹಿಂದೆ ಹೋಗುವ ಮೊದಲೇ ಎಲ್ಲವನ್ನೂ ಒಳಗೆ ತಂದೆವು. ಕತ್ತಲಾಗುತ್ತಿದ್ದಂತೆ ಇಬ್ಬನಿ ಇಳಿದು ಒಣಗಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಅವನ ಚೀಲ ಪೂರ್ತಿ ಒಣಗಿದ್ದು ಮರುದಿನ ಛತ್ರುವಿನಲ್ಲಿ, ಚಂದ್ರಾ ನದಿಯ ದಡದ ಬಿಸಿಲಿನಲ್ಲಿ.

ಊರಿಗೆ ಬಂದರೆ ಆಗಸ್ಟ್. ನಮ್ಮಲ್ಲಿ ಆಗ ಬೀರುವಿನಲ್ಲಿಟ್ಟ ಸೀರೆಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಎರಡೂ ಚೀಲ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲೇ ಉಳಿದವು. ಹುಡುಗ ಅವನ್ನು ಫ್ಯಾನಿನ ಕೆಳಗೆ ಮತ್ತೆ ಒಣಗಿಸಿದ. ಸಣ್ಣ ಡ್ರೈ ಬ್ಯಾಗಿನಲ್ಲಿ ಒತ್ತಿಟ್ಟರೆ ತಿಂಗಳುಗಟ್ಟಲೆ ತುಪ್ಪುಳ ಮುದುಡಿಯೇ ಇರುತ್ತದೆ ಅಂತ ಹೇಳಿದ್ದಕ್ಕೆ ಅಕ್ಕ ಹಳೇ ಹತ್ತಿ ಬೆಡ್‌ಶೀಟಿನಲ್ಲಿ ಎರಡು ದೊಡ್ಡ ಚೀಲ ಹೊಲಿದುಕೊಟ್ಟಳು. ನನ್ನದರ ಕತ್ತಿನ ಹತ್ತಿರ ಎಣ್ಣೆ, ಬೆವರು ಹಿಡಿದು ಕಪ್ಪಾಗಿದೆ. ಮುಂದಿನ ಚಾರಣಕ್ಕೆ ಮೊದಲು ಅದಕ್ಕೆಂದೇ ಬರುವ ಸೋಪಿನಲ್ಲಿ ಟಬ್ಬಿನಲ್ಲಿ ನೆನೆಸಿ ತೊಳೆಯಬೇಕು. ಒಣಗಲು ದಿನಗಟ್ಟಲೆ ಬೇಕು, ಬೇಸಿಗೆ ಬರಲಿ ಅಂತ ಕಾಯುತ್ತಿದ್ದೇವೆ.