ಕಾರ್ಲ್ಸ್‌ರೂಹದಲ್ಲಿ ರೈಲು ಬದಲಿಸಬೇಕು

ಮಾರ್ಚ್ 11, 2025, ಮಂಗಳವಾರ
ಸ್ಟುಟ್‌ಗಾರ್ಟ್

ಅಪ್ಪ ಅಮ್ಮನ ಲಿಯೋನ್ ಟಿಕೆಟ್ ಇವತ್ತೂ ಆಗಲಿಲ್ಲ. ಮೇ ತಿಂಗಳಿಗೆ ಬರುತ್ತಾರೆ. ಮೊದಲು ಇಲ್ಲಿ ಜರ್ಮನಿಯ ನಮ್ಮನೆ, ಆಮೇಲೆ ಫ್ರಾನ್ಸಿನ ಲಿಯೋನ್‌ನಲ್ಲಿರುವ ತಮ್ಮನ ಮನೆ. ಅವರು ಅಲ್ಲಿಗೆ ಹೊರಡುವ ವಾರ ನನಗೂ ರಜೆ ಇಲ್ಲ, ಅವನಿಗೂ ಇಲ್ಲ. ಇಬ್ಬರೇ ಹೋಗಬೇಕು.

ಇಲ್ಲಿಂದ ಲಿಯೋನ್‌ಗೆ ನೇರ ರೈಲಿಲ್ಲ. ಪ್ಯಾರಿಸ್ ಮೇಲೆ ಹೋಗಬಹುದು. ಆದರೆ ಸ್ಟುಟ್‌ಗಾರ್ಟ್ ರೈಲು ಹೋಗಿ ನಿಲ್ಲುವುದು ಗಾರ್ ದ ಲೆಸ್ಟ್‌ನಲ್ಲಿ, ಲಿಯೋನ್ ರೈಲು ಹೊರಡುವುದು ಪ್ಯಾರಿಸ್ಸಿನದೇ ಇನ್ನೊಂದು ನಿಲ್ದಾಣ ಗಾರ್ ದ ಲಿಯೋನ್‌ನಿಂದ. ನಡುವೆ ಬ್ಯಾಗು ಎಳೆದುಕೊಂಡು ಮೆಟ್ರೋ. ಅಮ್ಮನ ಮಂಡಿಗೆ ಅದು ಬೇಡವೇ ಬೇಡ. ಇನ್ನೊಂದು ದಾರಿ ಕಾರ್ಲ್ಸ್‌ರೂಹ. ಇಲ್ಲಿಂದ ಅಲ್ಲಿಗೆ ಹೋಗಿ, ಫ್ರಾಂಕ್‌ಫರ್ಟ್‌ನಿಂದ ಮಾರ್ಸೇಗೆ ಹೋಗುವ ಟಿಜಿವಿ, ಅಂದರೆ ಫ್ರಾನ್ಸಿನ ವೇಗದ ರೈಲು, ಹತ್ತಿದರೆ ಆಯಿತು. ಸ್ಟ್ರಾಸ್‌ಬೂರ್ ದಾಟಿ, ಮ್ಯುಲೂಸ್ ಕಡೆಯಿಂದ ಸುಮಾರು ಐದು ಗಂಟೆಯಲ್ಲಿ ಲಿಯೋನ್. ಒಂದೇ ಸಲ ಬದಲಿಸಿದರೆ ಸಾಕು. ಆದರೆ ಆ ರೈಲು ದಿನಕ್ಕೆ ಒಂದೇ.

ನಮ್ಮನೆಯವರು ಹೇಳಿದ್ದು ಸುಲಭದ ಲೆಕ್ಕ. ಆ ತಿಂಗಳು ಅಪ್ಪ ಅಮ್ಮನಿಗೆ ಡಾಯ್ಚ್‌ಲಾಂಡ್ ಟಿಕೆಟ್ ಹೇಗೂ ತೆಗೆದುಕೊಳ್ಳುತ್ತೇವೆ. 2025ರಲ್ಲಿ ಅದು ತಿಂಗಳಿಗೆ 58 ಯೂರೋ. ಬಸ್ಸು, ಟ್ರಾಮು, ಊರೂರಿಗೆ ಹೋಗುವ ಲೋಕಲ್ ರೈಲು, ಎಲ್ಲಾ ಅದರಲ್ಲೇ. ಕಾರ್ಲ್ಸ್‌ರೂಹ ತನಕ ಲೋಕಲ್ ರೈಲಿನಲ್ಲಿ ಹೋದರೆ ಬೇರೆ ದುಡ್ಡೇ ಬೇಡ, ಅಲ್ಲಿಂದ ಲಿಯೋನ್‌ಗೆ ಮಾತ್ರ ಟಿಕೆಟ್ ಸಾಕು. ಉಳಿತಾಯ ನಿಜ. ನಾವಿಬ್ಬರೇ ಹೋಗುವುದಾದರೆ ನಾನೂ ಹಾಗೇ ಮಾಡುತ್ತಿದ್ದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ನಡುರಾತ್ರಿ ಆಗಿತ್ತು, ಆದರೂ ಎದ್ದೇ ಇದ್ದರು.

"ಸೀಟ್ ನಂಬರ್ ಎಷ್ಟು ಬಂತು?" ಮೊದಲ ಪ್ರಶ್ನೆಯೇ ಅದು.

"ಇನ್ನೂ ತಗೊಂಡಿಲ್ಲ ಅಪ್ಪ. ಟಿಜಿವಿಗೆ ಟಿಕೆಟ್ ಜೊತೆಗೇ ಸೀಟ್ ಬರುತ್ತೆ. ಕಾರ್ಲ್ಸ್‌ರೂಹ ತನಕದ ರೈಲಿಗೆ ಬೇಕು ಅಂದ್ರೆ ಬೇರೆ ದುಡ್ಡು ಕೊಟ್ಟು ರಿಸರ್ವ್ ಮಾಡ್ಬೇಕು. ಮಾಡದಿದ್ರೂ ಹತ್ತಬಹುದು."

"ಅಂದ್ರೆ ಜನರಲ್ ಬೋಗಿನಾ?"

"ಅಲ್ಲ, ಅದೇ ಬೋಗಿ. ಯಾರೂ ರಿಸರ್ವ್ ಮಾಡದೇ ಇರೋ ಸೀಟಲ್ಲಿ ಕೂತ್ಕೋಬಹುದು."

"ಎಲ್ಲಾ ತುಂಬಿದ್ರೆ? ವೇಟಿಂಗ್ ಲಿಸ್ಟಾ?"

"ವೇಟಿಂಗ್ ಲಿಸ್ಟೂ ಇಲ್ಲ, ಆರ್‌ಎಸಿನೂ ಇಲ್ಲ. ಟಿಕೆಟ್ ಇದ್ದವರು ನಿಂತ್ಕೊಂಡು ಹೋಗ್ತಾರೆ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಕೌಂಟರಿನಲ್ಲಿ ಫಾರಂ ತುಂಬಿ, ಲೋಯರ್ ಬರ್ತ್ ಎಂದು ಅಡಿಗೆರೆ ಹಾಕಿ ಕೊಡುತ್ತಿದ್ದ ಮನುಷ್ಯ. ಚಾರ್ಟ್ ಆಗುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡುತ್ತಿರಲಿಲ್ಲ.

"ನಿಮ್ಮಮ್ಮನ್ನ ನಿಲ್ಸೋಕಾಗಲ್ಲ ಕಣಮ್ಮ" ಎಂದರು. ಆಮೇಲೆ ನಿಧಾನಕ್ಕೆ ಕೇಳಿದರು. "ಅಲ್ಲಿ ಇನ್ನೊಂದು ರೈಲು ತಪ್ಪಿಹೋದ್ರೆ ನಾವು ಯಾರನ್ನ ಕೇಳೋದು?"

ಹಿಂದಿನಿಂದ ಅಮ್ಮನ ದನಿ. "ತಪ್ಪಿದ್ರೆ ಅಲ್ಲೇ ಕೂತಿರ್ತೀವಿ. ಅವಳು ಆಫೀಸ್ ಮುಗಿಸ್ಕೊಂಡು ಬರಲಿ ಬಿಡಿ."

ಅಮ್ಮ ಧೈರ್ಯದಿಂದಲೇ ಹೇಳಿದಳು. ನನಗೆ ಮಾತ್ರ ಹೊಟ್ಟೆಯಲ್ಲಿ ಒಂಥರಾ ಆಯಿತು.

ಯಾರನ್ನ ಕೇಳೋದು ಅನ್ನುವುದಕ್ಕೆ ಉತ್ತರ ಟಿಕೆಟ್ಟಿನಲ್ಲೇ ಇದೆ. ಕಡಿಮೆ ಬೆಲೆಯ ಟಿಕೆಟ್ ಆ ದಿನದ ಆ ರೈಲಿಗೆ ಮಾತ್ರ. ಬಿಡಿಬಿಡಿಯಾಗಿ ತೆಗೆದುಕೊಂಡರೆ, ಲೋಕಲ್ ರೈಲು ತಡವಾಗಿ ಟಿಜಿವಿ ಹೋಗಿಬಿಟ್ಟರೆ, ಆ ಟಿಕೆಟ್ ಅಲ್ಲಿಗೆ ಮುಗಿಯಿತು. ರೈಲ್ವೆಯವರ ಪ್ರಕಾರ ಅವೆರಡು ಬೇರೆ ಬೇರೆ ಪ್ರಯಾಣ. ಸ್ಟುಟ್‌ಗಾರ್ಟ್‌ನಿಂದ ಲಿಯೋನ್ ತನಕ ಒಂದೇ ಟಿಕೆಟ್ ಆದರೆ ಹಾಗಲ್ಲ. ಮೊದಲ ರೈಲಿನಿಂದ ಎರಡನೆಯದು ತಪ್ಪಿದರೆ ಅವರನ್ನು ಬೇರೆ ರೈಲಿನಲ್ಲಿ ಲಿಯೋನ್‌ಗೆ ತಲುಪಿಸುವ ಹೊಣೆ ರೈಲ್ವೆಯದು. ಊರು ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ಟಿನ ಶೇಕಡಾ 25, ಎರಡು ಗಂಟೆ ದಾಟಿದರೆ ಶೇಕಡಾ 50 ವಾಪಸ್. ಐರೋಪ್ಯ ಒಕ್ಕೂಟದ ನಿಯಮವೇ ಇದೆ, 2023ರ ಜೂನ್‌ನಿಂದ ಅದರ ಹೊಸ ರೂಪ ಜಾರಿಯಲ್ಲಿದೆ. ವಾಪಸ್ ದುಡ್ಡು ನನಗೆ ಮುಖ್ಯ ಅಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪ ಆ ಟಿಕೆಟ್ ತೋರಿಸಿದರೆ ಇವರು ನಮ್ಮ ಪ್ರಯಾಣಿಕರು ಎಂದು ಯಾರಾದರೂ ಒಪ್ಪಿಕೊಳ್ಳಬೇಕು. ಅಷ್ಟು ಸಾಕು ನನಗೆ.

ತಡವಾಗುವುದೇನೂ ಅಪರೂಪ ಅಲ್ಲ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇಕಡಾ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೇ ಹಿಡಿಯದೆ!

ಆಫೀಸಿನಿಂದ ಬರುವಾಗ ಸ್ಟೇಷನ್ನಿಗೆ ಹೋಗಿದ್ದೆ. ಹೊಸ ನಿಲ್ದಾಣದ ಕೆಲಸ ಮುಗಿಯುವ ತನಕ ಪ್ಲಾಟ್‌ಫಾರಂ ತಲುಪುವುದೇ ದೊಡ್ಡ ನಡಿಗೆ. ಆ ದಿನ ಅಪ್ಪ ಅಮ್ಮನನ್ನು ಎಷ್ಟು ಬೇಗ ಹೊರಡಿಸಬೇಕು ಅಂತ ನಡೆದು ನೋಡಿದೆ. ಕೌಂಟರಿನಲ್ಲಿದ್ದ ಹೆಂಗಸು ಬೆಲೆ ಹೇಳುವ ಮೊದಲು ಎರಡು ಪ್ರಶ್ನೆ ಕೇಳಿದರು. ವಯಸ್ಸೆಷ್ಟು, ಬ್ಯಾಗ್ ಎಷ್ಟು. ಆಮೇಲೆ ರೈಲು ಬದಲಿಸಲು ಬೇಕಾದ ಸಮಯವನ್ನು ಅರ್ಧ ಗಂಟೆಗಿಂತ ಜಾಸ್ತಿ ಮಾಡಿ ಹುಡುಕಿದರು. ಆ್ಯಪಿನಲ್ಲೂ ಹಾಗೆ ಬದಲಾಯಿಸಬಹುದು. ಸುಮ್ನೆ ಬಿಟ್ಟರೆ ಓಡಿ ಹಿಡಿಯುವಂಥ ರೈಲುಗಳನ್ನೇ ಮೊದಲು ತೋರಿಸುತ್ತದೆ. ಸ್ಟುಟ್‌ಗಾರ್ಟ್‌ನಿಂದ ಒಂದು ರೈಲು ಮುಂಚೆ ಹೊರಟರೆ ಕಾರ್ಲ್ಸ್‌ರೂಹದಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಸಿಗುತ್ತದೆ. ಇದನ್ನೇ ತೆಗೆದುಕೊಳ್ಳುತ್ತೇನೆ.

ಯೂರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯೂರೇಲ್ ಪಾಸ್ ಕೇಳಿನೋಡು ಎಂದು ತಮ್ಮ ಮೆಸೇಜ್ ಹಾಕಿದ್ದ. ನಾವು ಇಲ್ಲಿ ವಾಸ ಇರುವವರು, ನಮಗೆ ಇಂಟರ್‌ರೇಲ್. ಭಾರತದಿಂದ ಬರುವವರಿಗೆ ಯೂರೇಲ್. 60 ದಾಟಿದವರಿಗೆ ಶೇಕಡಾ 10 ರಿಯಾಯಿತಿಯೂ ಇದೆ. ಆದರೆ ಪಾಸ್ ಇದ್ದರೂ ಟಿಜಿವಿಗೆ ಸೀಟ್ ದುಡ್ಡು ಬೇರೆ. ಒಂದು ಸಲ ಹೋಗಿ ಬರುವುದಕ್ಕೆ ಅದು ದಂಡ.

ಇನ್ನು ಹೆಸರಿನ ತಲೆನೋವು. ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇನಿಷಿಯಲ್ ಬಿಡಿಸಿ ಊರ ಹೆಸರು, ತಾತನ ಹೆಸರು, ಅಪ್ಪನ ಹೆಸರು ಎಲ್ಲಾ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಇಲ್ಲಿ ಎರಡು ಖಾನೆ ತುಂಬದೆ ಮುಂದಕ್ಕೆ ಹೋಗುವುದಿಲ್ಲ. ಊರ ಹೆಸರನ್ನು ಕುಟುಂಬದ ಹೆಸರಿನ ಖಾನೆಗೆ ಹಾಕುವುದು ಎಂದು ಕೊನೆಗೆ ತೀರ್ಮಾನ. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಎಂದು ಅಪ್ಪನಿಗೆ ಒತ್ತಿ ಹೇಳಬೇಕು. ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಒಳಗೇ ಓಡಾಡಿದರೂ ಗುರುತಿಗೆ ಅದೇ ಬೇಕು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲಾ ಗಡಿಗಳಲ್ಲೂ ತಪಾಸಣೆ ಇಟ್ಟಿದೆ. ವಾಪಸ್ ಬರುವಾಗ ಪೊಲೀಸರು ಹತ್ತಿ ಕೇಳಬಹುದು. ಪೊಲೀಸ್ ಅಂದರೆ ಅಮ್ಮ ಹೆದರುತ್ತಾಳೆ. ಇದನ್ನು ಮೊದಲೇ ಹೇಳಿಬಿಡಬೇಕು.

ಹಾಗೆ ನೋಡಿದರೆ ಅಪ್ಪ ಹೇಳುವುದರಲ್ಲೂ ನ್ಯಾಯ ಇದೆ. ಅರಸೀಕೆರೆಯಲ್ಲಿ ಕೂತು ಗುವಾಹಟಿಗೂ ಟಿಕೆಟ್ ತೆಗೆಯಬಹುದು. ಎಷ್ಟು ರಾಜ್ಯ ದಾಟಿದರೂ ಕೇಳುವುದಕ್ಕೆ ಒಂದೇ ರೈಲ್ವೆ. ಇಲ್ಲಿ ರೈನ್ ನದಿ ದಾಟಿದರೆ ಅದೇ ಯೂರೋ, ಅದೇ ವೀಸಾ, ಹಳಿಗಳೂ ಕೂಡಿಕೊಂಡಿವೆ. ಟಿಕೆಟ್ ಮಾತ್ರ ಒಂದೊಂದು ದೇಶದ ಸೈಟಿನಲ್ಲಿ ಒಂದೊಂದು ಥರ. ಒಂದರಲ್ಲಿ ಸಿಗುವ ರೈಲು ಇನ್ನೊಂದರಲ್ಲಿ ಕಾಣಿಸುವುದೇ ಇಲ್ಲ. ವಿಮಾನ ಬಿಟ್ಟು ರೈಲಿನಲ್ಲಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ವಯಸ್ಸಾದವರನ್ನು ಗಡಿ ದಾಟಿಸಲು ಮಗಳು ಇಷ್ಟೆಲ್ಲಾ ಓದಿ ತಿಳಿಯಬೇಕಾ? ಇದನ್ನೆಲ್ಲ ಕೂತು ನೋಡುವವರು ಯಾರೂ ಇಲ್ಲದವರು ಏನು ಮಾಡುತ್ತಾರೆ?

ಮೇ ಮೊದಲ ವಾರ ಆ ದಾರಿಯಲ್ಲಿ ಹೊಲಗಳೆಲ್ಲ ಹಳದಿ ಹೂವು ಬಿಟ್ಟಿರುತ್ತವೆ. ನಮ್ಮ ಕಡೆ ಹುಚ್ಚೆಳ್ಳು ಹೊಲದ ಹಾಗೇ ಇದೆ ಅಂತ ಅಮ್ಮ ಹೇಳೇ ಹೇಳುತ್ತಾಳೆ. ಅವಳಿಗೆ ಕಿಟಕಿ ಸೀಟೇ ಸಿಗಬೇಕು.

ಹೋಗುವುದು ಇಷ್ಟಾಯಿತು. ವಾಪಸ್ ಬರುವ ಟಿಕೆಟ್ ತಾನೇ ತೆಗೆಯುತ್ತೇನೆ ಅಂತ ತಮ್ಮ ಹಟ ಹಿಡಿದಿದ್ದಾನೆ. ಅವನು ನೋಡುವ ಫ್ರೆಂಚ್ ಸೈಟಿನಲ್ಲಿ ಸ್ಟುಟ್‌ಗಾರ್ಟ್ ತನಕ ಒಂದೇ ಟಿಕೆಟ್ ಬರುತ್ತಾ, ಕಾರ್ಲ್ಸ್‌ರೂಹಕ್ಕೆ ನಿಲ್ಲುತ್ತಾ ಅಂತ ಕೇಳಿದ್ದೇನೆ. ಅವನು ರಾತ್ರಿ ಪಾಳಿ ಮುಗಿಸಿ ನೋಡುವ ಹೊತ್ತಿಗೆ ಈ ಬೆಲೆ ಇರುತ್ತೋ ಇಲ್ಲವೋ. ಎರಡೂ ಕಡೆಯದು ಇಲ್ಲಿಂದಲೇ ತೆಗೆದುಬಿಟ್ಟರೆ ಅವನಿಗೆ ಬೇಜಾರಾಗುತ್ತೆ.