ಲಾಠಿ ಹಿಡಿಯೋಕೆ ಬಿಎ ಯಾಕೆ ಅಂತ ಕೇಳುವವರಿಗೆ

ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ತಲಕಾವೇರಿಯಲ್ಲಿ ತೀರ್ಥೋದ್ಭವದ ಬಂದೋಬಸ್ತಿಗೆ ನಿಂತಿದ್ದಾಗಲೂ ಒಬ್ಬರು ಕೇಳಿದರು. "ಲಾಠಿ ಹಿಡಿಯೋಕೆ ಡಿಗ್ರಿ ಬೇಕಾ?"

ನಾನು ಕೊಡಗಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಪಿಯುಸಿ ಆಗಿದ್ದರೆ ಈ ಕೆಲಸಕ್ಕೆ ಸಾಕು. ಡಿಗ್ರಿ ಕೇಳುವುದು ಪಿಎಸ್‌ಐ ಹುದ್ದೆಗೆ. ಆದರೂ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಕಟ್ಟಿದೆ, ಪಾಸಾದೆ. ಪ್ರಮೋಷನ್ನಿಗಲ್ಲ.

ಆ 'ಲಾಠಿ' ಅನ್ನೋ ಮಾತಿಗೇ ನನಗೆ ಸಿಟ್ಟು ಬರುತ್ತದೆ. ವಾರಗಟ್ಟಲೆ ನಾನು ಲಾಠಿ ಮುಟ್ಟುವುದಿಲ್ಲ. ದಿನಾ ಮುಟ್ಟುವುದು ಪೆನ್ನು. ಜನ ಹೇಳಿದ್ದನ್ನು ಬರೆದುಕೊಳ್ಳುವುದೇ ನನ್ನ ಕೆಲಸ.

2024ರ ಜುಲೈ, ಜಡಿಮಳೆ. ತೋಟದ ಕೂಲಿಯವರು ಇರುವ ಲೈನ್ ಮನೆಯಿಂದ ಯರವ ಬುಡಕಟ್ಟಿನ ಹೆಂಗಸೊಬ್ಬರು ಠಾಣೆಗೆ ಬಂದರು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಅದರ ನೀರು ನನ್ನ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅರ್ಧ ಕನ್ನಡ, ಅರ್ಧ ಅವರ ಭಾಷೆ. ಠಾಣೆಯ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದರು: "ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹಲ್ಲೆ ಮಾಡಿ, ಜೀವ ಬೆದರಿಕೆ ಹಾಕಿರುತ್ತಾರೆ ಅಂತ ಬರಿ." ನಮಗೆಲ್ಲ ಬಾಯಿಪಾಠವಾದ ಸಾಲು ಅದು. ಬರೆದೆ. ಬರೆದದ್ದನ್ನು ದೂರು ಕೊಟ್ಟವರಿಗೆ ಓದಿ ಹೇಳಬೇಕು, ಕಾನೂನೇ ಹಾಗಿದೆ. ಓದಿದೆ.

ಅವರು ತಲೆ ಅಲ್ಲಾಡಿಸಿದರು. "ಬೈಯಲಿಲ್ಲ. ಹೊರಗಿಂದ ಚಿಲಕ ಹಾಕಿದ. ಎರಡು ದಿನ."

ಜೀತದ ಬಗ್ಗೆ ಬಿಎ ಸಮಾಜಶಾಸ್ತ್ರದಲ್ಲಿ ಓದಿದ್ದು ಆಗ ನೆನಪಾಯಿತು. ಅದಕ್ಕೇ ಮುಂದಿನ ಪ್ರಶ್ನೆ ಕೇಳಿದೆ. "ಮುಂಗಡ ಏನಾದರೂ ತಗೊಂಡಿದ್ರಾ?" ತಗೊಂಡಿದ್ದರು. ಅದು ತೀರುವ ತನಕ ತೋಟ ಬಿಡಬಾರದು ಅಂತ ಚಿಲಕ.

ಹಾಳೆ ಬದಲಾಯಿಸಿದೆ. ಅದೇ ತಿಂಗಳ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಕೂಡಿ ಹಾಕಿದ್ದಕ್ಕೆ ನಮ್ಮ ಬಾಯಲ್ಲಿದ್ದ ಸೆಕ್ಷನ್ 342 ಈಗ ಸೆಕ್ಷನ್ 127. ಜೊತೆಗೆ 1976ರ ಜೀತ ಪದ್ಧತಿ ರದ್ದು ಕಾಯ್ದೆ. 'ಚಿಲಕ' ಅನ್ನೋ ಒಂದು ಪದ ಬಿಟ್ಟಿದ್ದರೆ ಇದು ಸುಮ್ನೆ ಒಂದು ಬೈದಾಟದ ಕೇಸು ಆಗಿಬಿಡುತ್ತಿತ್ತು, ಅಲ್ವಾ?

ಎಫ್‌ಐಆರ್ ಪ್ರತಿ ಕೊಟ್ಟಾಗ ದುಡ್ಡು ಎಷ್ಟು ಅಂತ ಕೇಳಿದರು. ದುಡ್ಡಿಲ್ಲ ಅಂದೆ. ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು.

ಡಿಗ್ರಿ ಇಲ್ಲದ ಒಳ್ಳೆಯ ಪೊಲೀಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಕೆಸರಲ್ಲಿ ನಿಂತು ದುಡಿದವರ ಬಗ್ಗೆ ನನಗೆ ಗೌರವ ಜಾಸ್ತಿಯೇ ಇದೆ. ಹಾಗಂತ ಓದು ಬೇಡ ಅನ್ನಬೇಡಿ.

ಪೊಲೀಸರಿಗೆ ಏನು ಓದಿಸಬೇಕು ಅಂತ ಕೇಳಿ. ಅದನ್ನು ಯಾರೂ ಕೇಳುವುದಿಲ್ಲ. ಕೊಡಗಿಗೆ ಪೋಸ್ಟಿಂಗ್ ಆದವರಿಗೆ ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆ ಸ್ವಲ್ಪವಾದರೂ ಕಲಿಸಿ. ತೋಟಕ್ಕೆ ದೂರದ ಅಸ್ಸಾಮಿನಿಂದಲೂ ಜನ ಬರುತ್ತಾರೆ, ಅವರ ಮಾತು ತಿಳಿಯುವ ದಾರಿ ಮಾಡಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯೋದು ಕಲಿಸಿ.

ಆ ಹೆಂಗಸು ಸಂತೆಗೆ ಬಂದಾಗ ಈಗಲೂ ಠಾಣೆಗೆ ಇಣುಕುತ್ತಾರೆ. ನಾನು ಅವರ ಭಾಷೆ ಮಾತಾಡಿದರೆ ನಿಂತು ಪೂರ್ತಿ ಕೇಳಿ, ತಪ್ಪು ತಿದ್ದಿ ಹೋಗುತ್ತಾರೆ.